ಮಾಗಿಯಲ್ಲಿ ಪದ್ಮಿನಿ: ಹಳೆ ಕಾರಿನ ಜೀರ್ಣೋದ್ಧಾರಕ್ಕೊಂದು ವೇಳಾಪಟ್ಟಿ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು, ಬಂಗಾಳಕೊಲ್ಲಿಯ ಕೊನೆಯ ವಾಯುಭಾರ ಕುಸಿತವೂ ಒಂದೆರಡು ದಿನ ಜಿಟಿಜಿಟಿ ಸುರಿಸಿ ದಾಟಿಹೋದ ಮೇಲೆ ಹಳೆ ಮೈಸೂರು ಸೀಮೆಯ ಗಾಳಿ ಒಣಗುತ್ತದೆ. ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಬಂದಿರುತ್ತದೆ. ಧನುರ್ಮಾಸದ ಪೂಜೆಗೆ ಕತ್ತಲಲ್ಲೇ ದೇವಸ್ಥಾನದ ಮೈಕು ಶುರುವಾಗುತ್ತದೆ. ಕಾಫಿ ಲೋಟ ಹಿಡಿದು ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂರುವ ಈ ದಿನಗಳು, ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿದ ಹಳೆ ಕಾರು ಇಟ್ಟುಕೊಂಡವರಿಗೆ ಮಾತ್ರ ಕೆಲಸದ ಕಾಲ.

ಹಳೆ ಕಾರನ್ನು ಮನೆಯಲ್ಲೇ ಸರಿಮಾಡುವುದೆಂದರೆ ಬಹುಪಾಲು ನೀರಿನ ಜೊತೆಗಿನ ಜಗಳ. ತಗಡಿನ ತುಕ್ಕು, ಬಣ್ಣದ ಗುಳ್ಳೆ, ಕಚ್ಚಿಕೊಂಡ ಬ್ರೇಕ್ ಸಿಲಿಂಡರು, ಪೆಟ್ರೋಲ್ ಟ್ಯಾಂಕಿನ ತಳದ ಕೆಸರು, ಎಲ್ಲದರ ಹಿಂದೆಯೂ ನೀರಿದೆ. ಮಾಗಿಯಲ್ಲಿ ನೀರೇ ಇರುವುದಿಲ್ಲವೆಂದಲ್ಲ. ಅದು ಬರುವ ಹೊತ್ತು, ಹೋಗುವ ಹೊತ್ತು ಮೊದಲೇ ಗೊತ್ತಿರುತ್ತದೆ, ಅಷ್ಟೇ. ಮಳೆಗಾಲದ ನೀರಿಗೆ ಆ ಶಿಸ್ತಿಲ್ಲ.

ಯಾವ ಕಾರು

ಮೊದಲ ಸಲ ಕೈಹಾಕುವವರಿಗೆ ನಾನು ಹೇಳುವುದು ಪ್ರೀಮಿಯರ್ ಪದ್ಮಿನಿ. ನಮ್ಮ ಜನ ಇಂದಿಗೂ ‘ಫಿಯಟ್’ ಎಂದೇ ಕರೆಯುವ ಕಾರು. ಅಂಬಾಸಡರ್ ದೊಡ್ಡದು, ಸಾಮಾನ್ಯ ಮನೆಯ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿದರೆ ಸುತ್ತ ಓಡಾಡಲು ಜಾಗ ಉಳಿಯುವುದಿಲ್ಲ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಲು ಚೆಂದ, ಆದರೆ ಬಿಡಿಭಾಗಕ್ಕೆ ಪರದಾಟ. ವಿಲ್ಲೀಸ್ ಜೀಪು ಬಿಚ್ಚುವುದೂ ಕಟ್ಟುವುದೂ ಸುಲಭ, ಆದರೆ ಅದರಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಸಂಕ್ರಾಂತಿಗೆ ಊರಿಗೆ ಹೋಗುವ ಹಾಗಿಲ್ಲ.

ಪದ್ಮಿನಿಯ ಮೂಲ 1953ರಲ್ಲಿ ಇಟಲಿಯಲ್ಲಿ ಹೊರಬಂದ ಫಿಯಟ್ 1100. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ಬೇರೆಬೇರೆ ಹೆಸರಿನಲ್ಲಿ ತಯಾರಿಸುತ್ತ ಬಂತು. 1964ರಲ್ಲಿ ‘1100 ಡಿಲೈಟ್’, 1972ರಲ್ಲಿ ‘ಪ್ರೀಮಿಯರ್ ಪ್ರೆಸಿಡೆಂಟ್’, 1974ರಲ್ಲಿ ರಾಣಿ ಪದ್ಮಿನಿಯ ಹೆಸರು. ಸುಮಾರು 2000ನೇ ಇಸವಿಯವರೆಗೂ ಅದೇ ಮೈಕಟ್ಟಿನ ಕಾರು ಬರುತ್ತಲೇ ಇತ್ತು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ 1964ರಲ್ಲಿ ಕೊಂಡ ಫಿಯಟ್‌ನ ಬೆಲೆ 12,000 ರೂಪಾಯಿ. ಅದರಲ್ಲಿ 5,000 ರೂಪಾಯಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ. ಅವರು ತೀರಿಕೊಂಡ ಮೇಲೆ ಅದನ್ನು ತೀರಿಸಿದ್ದು ಪಿಂಚಣಿ ಹಣದಲ್ಲಿ ಅವರ ಪತ್ನಿ ಲಲಿತಾ ಶಾಸ್ತ್ರಿ.

ಈ ಕಂಪನಿಗೂ ಕನ್ನಡನಾಡಿಗೂ ಹಳೆಯ ನಂಟಿದೆ. 1930ರ ದಶಕದಲ್ಲಿ ದೇಶದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಬರೆದು, ಯುರೋಪು ಅಮೆರಿಕದ ಕಾರ್ಖಾನೆಗಳನ್ನು ನೋಡಿಬಂದು, ಬಂಡವಾಳಗಾರರನ್ನು ಒಗ್ಗೂಡಿಸಲು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಆ ಪ್ರಯತ್ನದಲ್ಲಿ ಅವರ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಶುರುಮಾಡಿದರು, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್. ಎಚ್‌ಎಎಲ್ ಆಸುಪಾಸಿನ ಯಾವುದೋ ಮನೆಯ ಶೆಡ್ಡಿನಲ್ಲಿ ಇವತ್ತು ಒಂದು ಪದ್ಮಿನಿ ನಿಂತಿದ್ದರೆ, ಕಾರು ಮತ್ತು ಕಾರ್ಖಾನೆ ಎರಡೂ ಒಂದೇ ತಂದೆಯ ಮಕ್ಕಳು.

ಯಂತ್ರದ ಲೆಕ್ಕ ಸರಳ. ನಾಲ್ಕು ಸಿಲಿಂಡರಿನ, 1089 ಸಿಸಿಯ ಪೆಟ್ರೋಲ್ ಎಂಜಿನ್. ಬೀಡಿನ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು. ಸ್ಟಿಯರಿಂಗ್ ಪಕ್ಕದಲ್ಲೇ ನಾಲ್ಕು ಗೇರಿನ ಕಡ್ಡಿ. ಹಿಂದಿನ ಚಕ್ರಕ್ಕೆ ಚಾಲನೆ, ನಾಲ್ಕಕ್ಕೂ ಡ್ರಮ್ ಬ್ರೇಕು. ಕಂಪ್ಯೂಟರಿನ ಸುಳಿವೇ ಇಲ್ಲ. ಸ್ಪ್ಯಾನರ್ ಸೆಟ್ಟು, ಫೀಲರ್ ಗೇಜು, ಟೆಸ್ಟ್ ಲ್ಯಾಂಪು ಇದ್ದರೆ ಅದರ ಮುಕ್ಕಾಲು ಕಾಯಿಲೆಗಳನ್ನು ಮನೆಯಲ್ಲೇ ಪತ್ತೆಹಚ್ಚಬಹುದು.

ನೀರಿನ ಹೊತ್ತುಗೊತ್ತು

ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 15-16 ಡಿಗ್ರಿ, ಮಧ್ಯಾಹ್ನ 27ರ ಆಸುಪಾಸು. ಈ ಊರಿನ ದಾಖಲೆಯ ಚಳಿ 1884ರ ಜನವರಿ 13ರಂದು ಇಳಿದ 7.8 ಡಿಗ್ರಿ. ಯುರೋಪಿನವರು ಕೇಳಿದರೆ ನಗುವಷ್ಟು ಸಣ್ಣ ಚಳಿ ಇದು. ಅಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ, ಆ ಉಪ್ಪಿಗೆ ಹೆದರಿ ಹಳೆ ಕಾರುಗಳನ್ನು ಚಳಿಗಾಲ ಪೂರ್ತಿ ಒಳಗೆ ಮುಚ್ಚಿಡುತ್ತಾರೆ, ಒಳಗಿದ್ದಾಗ ರಿಪೇರಿ ಮಾಡುತ್ತಾರೆ. ನಮಗೆ ಚಳಿಗಾಲ ಬೇಕಾಗಿರುವುದು ಬೇರೆ ಕಾರಣಕ್ಕೆ.

ರಾತ್ರಿ ಆಕಾಶ ನಿರ್ಮಲವಾಗಿದ್ದರೆ ಬಯಲಿನಲ್ಲಿ ನಿಂತ ಕಾರಿನ ತಗಡು ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಶೆಡ್ಡಿನೊಳಗೂ ಇದು ತಪ್ಪಿದ್ದಲ್ಲ. ಬೆಳಿಗ್ಗೆ ಗಾಳಿ ಬೆಚ್ಚಗಾಗುತ್ತ ಬಂದರೂ ಎಂಜಿನ್ ಬ್ಲಾಕಿನಂಥ ದಪ್ಪ ಬೀಡು ಇನ್ನೂ ತಣ್ಣಗೇ ಇರುತ್ತದೆ, ಅದರ ಮೈ ಬೆವರುತ್ತದೆ. ಬಣ್ಣ ಕೆರೆದು ಬೆತ್ತಲೆ ಬಿಟ್ಟ ತಗಡನ್ನು ಸಂಜೆ ಹಾಗೇ ಬಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಅದರ ಮೇಲೆ ತೆಳ್ಳನೆ ಕಿತ್ತಳೆ ಬಣ್ಣ ಹಬ್ಬಿರುತ್ತದೆ.

ಹತ್ತು ಗಂಟೆಯ ಮೇಲೆ ಚಿತ್ರ ಬದಲಾಗುತ್ತದೆ. ಉಷ್ಣಾಂಶ ಏರಿದಂತೆ ಗಾಳಿಯ ಸಾಪೇಕ್ಷ ತೇವಾಂಶ ಸರ್ರನೆ ಇಳಿಯುತ್ತದೆ. ಹನ್ನೊಂದರಿಂದ ಮೂರೂವರೆಯವರೆಗೆ ತಗಡು ಒಣ, ಗಾಳಿ ಒಣ, ಬಿಸಿಲು ಹದ. ಸಂಜೆ ಐದರ ನಂತರ ಮತ್ತೆ ತೇವ ಏರುತ್ತದೆ. ಆದ್ದರಿಂದ ದಿನದ ಕೆಲಸ ಹಂಚಿಕೊಳ್ಳುವುದು ಹೀಗೆ: ಬೆಳಗಿನ ಚಳಿಯಲ್ಲಿ ಬಿಚ್ಚುವುದು, ತೊಳೆಯುವುದು, ಪಟ್ಟಿ ಬರೆಯುವುದು, ನಡುಹಗಲಲ್ಲಿ ಪ್ರೈಮರು, ಬಣ್ಣ, ಸಂಜೆ ದೀಪದಡಿ ಕೂತು ಕಾರ್ಬೊರೇಟರು, ಡೆಲ್ಕೊ (ಡಿಸ್ಟ್ರಿಬ್ಯೂಟರ್), ಸೀಟಿನ ಹೊಲಿಗೆಯಂಥ ಕೈಕೆಲಸ.

ಊರಿಂದ ಊರಿಗೆ ಲೆಕ್ಕ ಬೇರೆ. ಮಂಗಳೂರು ಉಡುಪಿಯಲ್ಲಿ ಚಳಿಯೇ ಕಡಿಮೆ, ಕಡಲ ಗಾಳಿಯಲ್ಲಿ ಉಪ್ಪೂ ಇದೆ, ಆದರೂ ವರ್ಷದಲ್ಲಿ ಜನವರಿ ಫೆಬ್ರವರಿಯಷ್ಟು ಒಣ ತಿಂಗಳು ಅಲ್ಲಿ ಬೇರೆ ಇಲ್ಲ. ಮಲೆನಾಡಿನ ಕಾವಳ ಒಂಬತ್ತಾದರೂ ಬಿಡುವುದಿಲ್ಲ. ಬೀದರ್, ವಿಜಯಪುರದ ಕಡೆ ಹಗಲು ಅತ್ಯುತ್ತಮ, ರಾತ್ರಿ ಕೊರೆಯುತ್ತದೆ. ಎಪಾಕ್ಸಿ ಪ್ರೈಮರು ಅಂಥ ರಾತ್ರಿಯಲ್ಲಿ ಗಟ್ಟಿಯಾಗದೆ ಸತಾಯಿಸುತ್ತದೆ. ಎಲ್ಲ ಕಡೆಗೂ ಕೊನೆಯ ಗಡುವು ಮಾತ್ರ ಒಂದೇ. ಶಿವರಾತ್ರಿಗೆ ಚಳಿ ಶಿವಶಿವಾ ಅಂದುಕೊಂಡು ಹೋಗುತ್ತದೆ, ಯುಗಾದಿಯ ಹೊತ್ತಿಗೆ ಗುಡುಗಿನ ಮಳೆ ಶುರು. ಅಷ್ಟರೊಳಗೆ ಬಣ್ಣ ಮುಗಿದಿರಬೇಕು.

ಬಿಚ್ಚುವ ಕೆಲಸ

ಬಿಚ್ಚುವ ಉಮೇದಿನಲ್ಲಿ ಇಡೀ ಕಾರನ್ನು ಒಂದೇ ವಾರದಲ್ಲಿ ಸಾಮಾನಿನ ರಾಶಿ ಮಾಡಿ, ಮುಂದೆ ವರ್ಷಗಟ್ಟಲೆ ಅದನ್ನು ನೋಡಿಕೊಂಡು ನಿಟ್ಟುಸಿರು ಬಿಡುವವರು ಬಹಳ. ಒಂದು ಮಾಗಿಗೆ ಒಂದು ದೊಡ್ಡ ಕೆಲಸ ಸಾಕು: ಈ ವರ್ಷ ಬಾಡಿ, ಬರುವ ವರ್ಷ ಎಂಜಿನ್. ಬಿಚ್ಚಿದ ಪ್ರತಿ ಬೋಲ್ಟನ್ನು ಅದರ ವಾಷರ್ ಸಮೇತ ಕವರಿಗೆ ಹಾಕಿ ಯಾವ ಭಾಗದ್ದೆಂದು ಬರೆದಿಡಿ. ಪ್ಲಾಸ್ಟಿಕ್ ಕವರಾದರೆ ಬಾಯಿ ಕಟ್ಟಬೇಡಿ, ಒಳಗೆ ಸಿಕ್ಕಿಕೊಂಡ ತೇವವೇ ಬೋಲ್ಟಿಗೆ ತುಕ್ಕು ಹಿಡಿಸುತ್ತದೆ. ವೈರಿಂಗ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆಯುವುದನ್ನು ಇವತ್ತು ಯಾರಿಗೂ ಹೇಳಿಕೊಡಬೇಕಿಲ್ಲ. ಹತ್ತಿರದ್ದನ್ನೇ ಅಲ್ಲದೆ ಎರಡು ಹೆಜ್ಜೆ ಹಿಂದೆ ನಿಂತೂ ಒಂದು ತೆಗೆಯಬೇಕೆಂಬುದನ್ನು ಮಾತ್ರ ಹೇಳಿಕೊಡಬೇಕು.

ಕಾರಿನ ಕೆಳಗೆ ಮಲಗುವಾಗ ಜಾಕನ್ನು ನಂಬಬಾರದು. ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಇಟ್ಟೇ ತೀರಬೇಕು. ಇಟ್ಟಿಗೆ, ಹಾಲೊಬ್ಲಾಕು ಯಾವುದೂ ಬೇಡ. ಅವು ಮುನ್ಸೂಚನೆ ಕೊಡದೆ ಸೀಳುತ್ತವೆ.

ತುಕ್ಕು

ಪದ್ಮಿನಿಗೆ ಬೇರೆ ಚಾಸಿ ಇಲ್ಲ. ನೆಲದ ತಗಡು, ಬಾಗಿಲಿನ ಕೆಳಗಿನ ಪೆಟ್ಟಿಗೆಯಾಕಾರದ ಪಟ್ಟಿ, ಕಂಬಗಳು, ಛಾವಣಿ ಸೇರಿಯೇ ಕಾರನ್ನು ಹಿಡಿದು ನಿಲ್ಲಿಸಿವೆ. ಹಾಗಾಗಿ ಇದರಲ್ಲಿ ತುಕ್ಕು ಅಂದದ ಪ್ರಶ್ನೆಯಲ್ಲ, ಬಲದ ಪ್ರಶ್ನೆ. ಕೊಳ್ಳುವವರು ಬಣ್ಣದ ಹೊಳಪು ನೋಡದೆ ನೆಲಹಾಸು ಎತ್ತಿ ನೋಡಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಮಡ್‌ಗಾರ್ಡಿನ ಹಿಂಬದಿಯ ಕೆಳತುದಿ, ಬಾಗಿಲಿನ ತಳ, ಜಾಕ್ ಹಾಕುವ ಜಾಗ, ಇವು ನೀರು ನಿಲ್ಲುವ ಕಡೆಗಳು.

ಎಲ್ಲಕ್ಕಿಂತ ಮೋಸದ ಜಾಗ ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್. ಹೊರಗಿನಿಂದ ನೋಡಿದರೆ ಏನೂ ಕಾಣದು. ಬೀಡಿಂಗಿನ ತುಟಿಯನ್ನು ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಎತ್ತಿದರೆ ಒಳಗೆ ಸಣ್ಣ ತೋಡಿದೆ, ಅದರಲ್ಲಿ ಮಣ್ಣು, ಎಲೆಚೂರು, ಎಷ್ಟೋ ಮಳೆಗಾಲದ ಹಸಿ. ತುಕ್ಕು ಅಲ್ಲಿ ಪದರಪದರವಾಗಿ ಉಬ್ಬಿ ತಗಡನ್ನು ತಿನ್ನುತ್ತಿರುತ್ತದೆ. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಕರಕರ ಸದ್ದು ಮಾಡಿ ಒಳಗೆ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಫ್ಯೂಸ್ ಪದೇಪದೇ ಹೋಗುತ್ತಿದೆ, ಕಾಲಿನ ಹತ್ತಿರ ಮ್ಯಾಟು ಒದ್ದೆಯಾಗುತ್ತಿದೆ ಎನ್ನುವವರ ಸಮಸ್ಯೆಯ ಬುಡ ಎಷ್ಟೋ ಸಲ ಈ ತೋಡೇ.

ಕೊಳೆತ ತಗಡಿಗೆ ಔಷಧಿಯಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ಬಾಗಿಲಿನ ಕೆಳಗಿನ ಪಟ್ಟಿಯನ್ನು ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ಬೆಸೆದು ಬಿಗಿಯಬೇಕು. ಇಲ್ಲವಾದರೆ ಕಾರು ನಡುವಿನಲ್ಲಿ ಕೂದಲೆಳೆಯಷ್ಟು ಬಾಗುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ.

ಸಣ್ಣ ಭಾಗಗಳಿಗೆ ಮನೆಯಲ್ಲೇ ಒಂದು ಉಪಾಯವಿದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ತಂತಿ ಬೇಡವಾದ ಕಬ್ಬಿಣದ ತುಂಡಿಗೆ. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗಿ ಕಪ್ಪು ಪುಡಿಯಾಗಿ ಉದುರುತ್ತದೆ, ಒಳಗಿನ ಒಳ್ಳೆಯ ಲೋಹಕ್ಕೆ ಪೆಟ್ಟಾಗದು. ಇದರಿಂದ ಹೈಡ್ರೊಜನ್ ಏಳುತ್ತದೆ, ಆದ್ದರಿಂದ ಬಯಲಿನಲ್ಲೇ ಮಾಡಬೇಕು. ಪಾಸಿಟಿವ್ ಕಡೆಗೆ ಸ್ಟೀಲಿನ ಹಳೆ ಚಮಚ ಕಟ್ಟಬೇಡಿ. ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ.

ಇನ್ನು ರೆಡ್ ಆಕ್ಸೈಡ್. ಮನೆಯ ಗೇಟಿಗೆ ಅದು ಸಾಕು, ಕಾರಿಗೆ ಸಾಲದು. ಅಗ್ಗದ ರೆಡ್ ಆಕ್ಸೈಡ್ ನೀರನ್ನು ಪೂರ್ತಿ ತಡೆಯುವುದಿಲ್ಲ; ಮೇಲೆ ಬಣ್ಣ ಬೀಳದೆ ತಿಂಗಳುಗಟ್ಟಲೆ ನಿಂತರೆ ಅದರಡಿಯಲ್ಲೇ ತುಕ್ಕು ಏಳುತ್ತದೆ. ದುಡ್ಡು ಉಳಿಸುವುದಾದರೆ ಬೇರೆ ಕಡೆ ಉಳಿಸಿ, ಬೆತ್ತಲೆ ತಗಡಿಗೆ ಎಪಾಕ್ಸಿ ಪ್ರೈಮರನ್ನೇ ಕೊಡಿ. ಕಾರಿನ ಹೊಟ್ಟೆಗೆ ಬಳಿಯುವ ದಪ್ಪ ಕಪ್ಪು ಕೋಟಿಂಗಿನ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಶುದ್ಧ ತಗಡಿನ ಮೇಲೆ ಅದು ರಕ್ಷಣೆ, ತುಕ್ಕಿನ ಮೇಲೆ ಬಳಿದರೆ ಸಾಕ್ಷ್ಯನಾಶ.

ಟಿಂಕರಿಂಗ್ ಮತ್ತು ಪಟ್ಟಿ (ಪುಟ್ಟಿ)

ತಗ್ಗು ಎತ್ತುವುದು ಟಿಂಕರಿನ ಕೈಚಳಕ, ಅದನ್ನು ಓದಿ ಕಲಿಯಲಾಗದು. ಆದರೆ ಅವರ ಮುಂದೆ ನಿಂತು ‘ಪಟ್ಟಿ ಕಡಿಮೆ ಹಾಕಿ, ತಗಡಿನಲ್ಲೇ ಎತ್ತಿ’ ಎಂದು ಹೇಳುವುದು ಮಾಲೀಕರ ಕೆಲಸ. ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಪಟ್ಟಿ ಒಂದಲ್ಲ ಒಂದು ದಿನ ಬಿರಿಯುತ್ತದೆ. ಹಳೆಯ ರಿಪೇರಿ ಎಲ್ಲಿದೆಯೆಂದು ತಿಳಿಯಲು ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತ ಆಡಿಸಿದರಾಯಿತು. ಅದು ಹಿಡಿಯದೆ ಜಾರುವ ಕಡೆ ಅಡಿಯಲ್ಲಿರುವುದು ಪಟ್ಟಿ.

ನಮ್ಮ ಗ್ಯಾರೇಜುಗಳ ಒಂದು ಅಭ್ಯಾಸ ಇಲ್ಲಿ ಗಮನಿಸಬೇಕಾದದ್ದು. ಪಟ್ಟಿ ಒಣಗಿದ ಮೇಲೆ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜುತ್ತಾರೆ. ಧೂಳು ಏಳುವುದಿಲ್ಲ, ಕಾಗದ ಬೇಗ ಸವೆಯುವುದಿಲ್ಲ, ಅಂಗೈಗೆ ಏರುಪೇರು ಚೆನ್ನಾಗಿ ಸಿಗುತ್ತದೆ. ಆದರೆ ಪಾಲಿಯೆಸ್ಟರ್ ಪಟ್ಟಿ ನೀರು ಕುಡಿಯುತ್ತದೆ. ಕುಡಿದ ನೀರು ಪೂರ್ತಿ ಆರುವ ಮುಂಚೆ ಮೇಲೆ ಪ್ರೈಮರ್ ಬಿದ್ದರೆ ಆ ನೀರು ಒಳಗೇ ಉಳಿದು, ಬೇಸಿಗೆಯ ಬಿಸಿಲಿಗೆ ಗುಳ್ಳೆಯಾಗಿ ಎದ್ದು ಬರುತ್ತದೆ. ಬಣ್ಣ ಹೊಡೆಸಿದ ಆರು ತಿಂಗಳಿಗೆ ಬಾನೆಟ್ಟಿನ ಮೇಲೆ ಸಿಡುಬಿನಂತೆ ಏಳುವ ಗುಳ್ಳೆಗಳ ಗುಟ್ಟು ಇದೇ. ಪಟ್ಟಿಯನ್ನು ಮಾಸ್ಕ್ ಕಟ್ಟಿಕೊಂಡು ಒಣಗಿದ ಎಮರಿ ಕಾಗದದಲ್ಲಿ ಉಜ್ಜಿ; ನೀರನ್ನು ಪ್ರೈಮರಿನ ಮೇಲಿನ ಕೊನೆಯ ಉಜ್ಜಿಗೆ ಮಾತ್ರ ಇಟ್ಟುಕೊಳ್ಳಿ, ಅದೂ ಬೆಳಿಗ್ಗೆ. ಮಾಗಿಯ ಒಂದು ಇಡೀ ಮಧ್ಯಾಹ್ನ ಅದನ್ನು ಆರಿಸಲು ಸಿಗುತ್ತದೆ.

ಬಣ್ಣ

ಪದ್ಮಿನಿಯ ಕಾಲದ ಬಣ್ಣ ನೈಟ್ರೊಸೆಲ್ಯುಲೋಸ್. ಅಮೆರಿಕದ ಡುಪಾಂಟ್ ಕಂಪನಿಯ ಒಂದು ಬ್ರ್ಯಾಂಡಿನ ಹೆಸರು ನಮ್ಮಲ್ಲಿ ಎಲ್ಲಕ್ಕೂ ಅಂಟಿಕೊಂಡು ‘ಡುಕೊ’ ಆಗಿದೆ. ಇದು ಥಿನ್ನರ್ ಆವಿಯಾಗಿ ಒಣಗುವ ಬಣ್ಣ. ಆವಿಯಾಗುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ತಗಡು ತಣ್ಣಗಾಗುತ್ತದೆ, ಗಾಳಿ ತೇವವಾಗಿದ್ದರೆ ಆ ತೇವ ಹಸಿ ಬಣ್ಣದ ಮೇಲೆಯೇ ಹನಿಗಟ್ಟುತ್ತದೆ. ಬಣ್ಣ ಬಿಳಿಚಿಕೊಂಡು ಬೂದಿ ಬಳಿದ ಹಾಗೆ ಕಾಣುತ್ತದೆ. ತಗಡಿನ ಉಷ್ಣಾಂಶ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕೆಂಬುದು ಬಣ್ಣದ ಉದ್ಯಮದ ಸಾಮಾನ್ಯ ನಿಯಮ. ಉಪಕರಣವಿಲ್ಲದವರಿಗೆ ಅದರ ಅರ್ಥ, ಹನ್ನೊಂದರ ಮುಂಚೆ ಗನ್ ಹಿಡಿಯಬೇಡಿ, ನಾಲ್ಕರ ನಂತರ ಹೊಸ ಕೋಟ್ ಕೊಡಬೇಡಿ.

ಕಂಪ್ರೆಸರ್ ಕೂಡ ನೀರು ತಯಾರಿಸುವ ಯಂತ್ರವೇ. ಗಾಳಿಯನ್ನು ಒತ್ತಿದಾಗ ಅದರೊಳಗಿನ ತೇವ ಟ್ಯಾಂಕಿನ ತಳದಲ್ಲಿ ಶೇಖರವಾಗುತ್ತದೆ. ದಿನವೂ ಕೆಳಗಿನ ಕಾಕ್ ತಿರುಗಿಸಿ ಬಸಿದು, ಪೈಪಿನ ನಡುವೆ ವಾಟರ್ ಸೆಪರೇಟರ್ ಹಾಕದಿದ್ದರೆ ಒಂದೊಂದು ಹನಿಯೂ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಕುಳಿಯಾಗುತ್ತದೆ.

ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ಹೆಚ್ಚು ಹೊಳೆಯುತ್ತದೆ, ಹೆಚ್ಚು ಬಾಳುತ್ತದೆ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು, ಸಾಮಾನ್ಯ ಮಾಸ್ಕು ಅದಕ್ಕೆ ತಡೆಯಲ್ಲ. ಮಕ್ಕಳು ಮರಿ ಓಡಾಡುವ ಮನೆಯಂಗಳದಲ್ಲಿ ಅದು ಬೇಡವೇ ಬೇಡ. ಪಿಯು ಬೇಕಾದರೆ ಬೂತ್ ಇರುವ ಗ್ಯಾರೇಜಿಗೆ ಕೊಡಿ. ಮನೆಯಲ್ಲಿ ಡುಕೊ ಹೊಡೆದು ಪಾಲಿಶ್ ಮಾಡಿ. ಹೊಸ ಕಾರಿನ ಗಾಜಿನಂಥ ಹೊಳಪು ಪದ್ಮಿನಿಗೆ ಒಪ್ಪುವುದೂ ಇಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆ ಹಳೆ ಕಾರುಗಳ ಮೈಯನ್ನು ಹತ್ತಿರ ನಿಂತು ನೋಡಿಬಂದವರಿಗೆ, ಎಷ್ಟಕ್ಕೆ ನಿಲ್ಲಿಸಬೇಕೆಂಬ ಅಂದಾಜು ಸಿಗುತ್ತದೆ.

ಎಂಜಿನ್

ಚೈನ್ ಬ್ಲಾಕ್ ಬಾಡಿಗೆಗೆ ತಂದು ಗಟ್ಟಿ ತೊಲೆಗೆ ಕಟ್ಟಿದರೆ ಪದ್ಮಿನಿಯ ಎಂಜಿನ್ ಇಬ್ಬರ ಕೈಯಲ್ಲಿ ಹೊರಬರುತ್ತದೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಲೇತ್ ಅಂಗಡಿಯ ಕೆಲಸ. ಉಳಿದದ್ದು ಮನೆಯದ್ದು.

ಅಲ್ಯೂಮಿನಿಯಂ ಹೆಡ್ಡಿನ ಶತ್ರು ನಮ್ಮ ಬೋರ್‌ವೆಲ್ ನೀರು. ಅದರ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗುತ್ತದೆ, ಎಂಜಿನ್ ಕಾಯುತ್ತದೆ, ಹೆಡ್ ಬೆಂಡಾಗುತ್ತದೆ. ಕೂಲೆಂಟ್ ಎಂದರೆ ಹಿಮ ಬೀಳುವ ದೇಶದವರಿಗೆ ಮಾತ್ರ ಎಂಬ ನಂಬಿಕೆ ಹಳೆಯ ಡ್ರೈವರುಗಳಲ್ಲಿ ಇನ್ನೂ ಇದೆ. ನಮಗೆ ಅದರ ಪ್ರಯೋಜನ ತುಕ್ಕು ತಡೆಯುವುದರಲ್ಲಿ ಮತ್ತು ಕುದಿಯುವ ಮಟ್ಟವನ್ನು ಏರಿಸುವುದರಲ್ಲಿದೆ. ಭಟ್ಟಿ ಇಳಿಸಿದ ನೀರಿಗೆ ಬೆರೆಸಿ ಹಾಕಿದರೆ ಸುಣ್ಣದ ಕಾಟವೂ ಇಲ್ಲ.

ಚಳಿಗಾಲದಲ್ಲಿ ಹೊಸಬರನ್ನು ಹೆದರಿಸುವ ಒಂದು ದೃಶ್ಯವಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅದರ ಒಳಮೈಗೆ ಹಳದಿ ಮಿಶ್ರಿತ ಬಿಳಿ ನೊರೆ ಮೆತ್ತಿಕೊಂಡಿರುತ್ತದೆ. ಗ್ಯಾಸ್ಕೆಟ್ ಹೋಯಿತು, ನೀರು ಆಯಿಲಿಗೆ ಸೇರಿತು ಎಂದು ಮೆಕ್ಯಾನಿಕ್ಕು ಹೆಡ್ ಬಿಚ್ಚಲು ಕೂರುತ್ತಾನೆ. ಸ್ವಲ್ಪ ತಾಳ್ಮೆ ಇರಲಿ. ತಣ್ಣನೆಯ ಬೆಳಗಿನಲ್ಲಿ ಶುರುಮಾಡಿ ಹಾಲಿನ ಬೂತಿಗೆ ಹೋಗಿ ಬಂದು ನಿಲ್ಲಿಸುವ ಕಾರಿನಲ್ಲಿ, ಎಂಜಿನ್ ಪೂರ್ತಿ ಬಿಸಿಯಾಗದ ಕಾರಣ ಒಳಗಿನ ಆವಿ ಹೊರಹೋಗದೆ ಅತ್ಯಂತ ತಣ್ಣನೆಯ ಜಾಗವಾದ ಆ ಮುಚ್ಚಳಕ್ಕೆ ಬಂದು ಕೂರುತ್ತದೆ. ಒರೆಸಿ, ಹೆದ್ದಾರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿಸಿ ಬಂದು ಮತ್ತೆ ನೋಡಿ. ನೊರೆ ಮತ್ತೆ ಬರದೆ, ಡಿಪ್‌ಸ್ಟಿಕ್ಕಿನ ಆಯಿಲ್ ಸ್ವಚ್ಛವಿದ್ದು, ರೇಡಿಯೇಟರಿನ ನೀರೂ ಇಳಿಯದಿದ್ದರೆ ಗ್ಯಾಸ್ಕೆಟ್ ಆರೋಗ್ಯವಾಗಿದೆ.

ಬೆಳಗಿನ ಸೆಲ್ಫು

ಧನುರ್ಮಾಸದ ಬೆಳಗಿನಲ್ಲಿ ಫಿಯಟ್‌ನ ಸೆಲ್ಫು ಎಳೆಯುವ ಸದ್ದು ಒಂದು ಕಾಲಕ್ಕೆ ಬೀದಿಬೀದಿಯಲ್ಲಿತ್ತು. ಈಗ ಅದು ಅಕ್ಕಪಕ್ಕದವರ ತಕರಾರಿಗೆ ದಾರಿ. 15 ಡಿಗ್ರಿ ಎಂಜಿನ್ನಿಗೆ ಚಳಿಯೇ ಅಲ್ಲ. ಆದರೂ ಶುರುವಾಗದು, ಏಕೆಂದರೆ ತಣ್ಣನೆಯ ಬ್ಯಾಟರಿಯ ಬಲ ಕಡಿಮೆ, ದಪ್ಪಗಾದ ಆಯಿಲಿನಲ್ಲಿ ಕ್ರ್ಯಾಂಕ್ ತಿರುಗುವುದು ನಿಧಾನ, ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಇವು ಮೂರೂ ಸೇರಿದಾಗ ಸವೆದ ಸಿಬಿ ಪಾಯಿಂಟು, ಕರಿಹಿಡಿದ ಪ್ಲಗ್ಗು ತಮ್ಮ ಬಣ್ಣ ತೋರಿಸುತ್ತವೆ.

ಚೋಕ್ ಪೂರ್ತಿ ಎಳೆಯಿರಿ, ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಬಿಡಿ, ಕ್ಲಚ್ ತುಳಿದು ಸೆಲ್ಫ್ ಹಾಕಿ. ಸುಮ್ಮನೆ ಪಂಪು ಮಾಡುತ್ತ ಕೂತರೆ ಪ್ಲಗ್ಗುಗಳು ಪೆಟ್ರೋಲಿನಲ್ಲಿ ತೊಯ್ಯುತ್ತವೆ, ಆಮೇಲೆ ಬಿಸಿಲೇರುವವರೆಗೆ ಕಾಯಬೇಕು. ಶುರುವಾದರೆ ಚೋಕನ್ನು ಮೆಲ್ಲಮೆಲ್ಲಗೆ ಒಳತಳ್ಳಿ. ಏನು ಮಾಡಿದರೂ ಉಸಿರೆತ್ತದಿದ್ದರೆ ಡೆಲ್ಕೊದ ಮುಚ್ಚಳ ತೆಗೆದು ಒಳಗೆ ಒಣಬಟ್ಟೆ ಆಡಿಸಿ ನೋಡಿ. ಅಲ್ಲಿಯೂ ಇಬ್ಬನಿ ಕೂತಿರುತ್ತದೆ, ಕಿಡಿ ಪ್ಲಗ್ಗಿಗೆ ಹೋಗದೆ ಆ ತೇವದ ಮೇಲೇ ಹರಿದುಹೋಗಿರುತ್ತದೆ.

ಚಳಿಯೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬಾರದು. ಸೈಲೆನ್ಸರಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವ ಹೊತ್ತಿಗೆ ಎದ್ದುಹೋಗುವ ಶಕ್ತಿ ಉಳಿದಿರುವುದಿಲ್ಲ.

ಬ್ರೇಕು

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ನಿಂತ ಕಾರಿನ ಚಕ್ರದ ಸಿಲಿಂಡರು ಕಚ್ಚಿಕೊಳ್ಳುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬಸಿದು ಹೊಸದು ಹಾಕಬೇಕು, ರಬ್ಬರ್ ಕಿಟ್ ಮತ್ತು ಹೋಸು ಬದಲಾಯಿಸಬೇಕು. ಡ್ರಮ್ಮಿನ ಹಳೆ ಧೂಳನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬೇಡಿ, ಆ ಕಾಲದ ಲೈನರಿನಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಸಾಮಾನು

ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಗಳು ಬಹುಕಾಲ ಪದ್ಮಿನಿಗಳೇ ಆಗಿದ್ದವು. ಕೊನೆಯದು ನೋಂದಣಿಯಾದದ್ದು 2003ರಲ್ಲಿ. ಟ್ಯಾಕ್ಸಿಗಳಿಗೆ ಅಲ್ಲಿ ಇದ್ದ 20 ವರ್ಷದ ವಯೋಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದ ಮರೆಯಾದವು. ಅಷ್ಟು ದೀರ್ಘ ಕಾಲ ದುಡಿದ ಟ್ಯಾಕ್ಸಿಗಳಿಗಾಗಿ ಬಿಡಿಭಾಗ ತಯಾರಿಸಿದ ಸಣ್ಣ ಕಾರ್ಖಾನೆಗಳ ಮಾಲು ಇಂದಿಗೂ ಅಂಗಡಿಗಳ ಅಟ್ಟದಲ್ಲಿದೆ. ಬೆಂಗಳೂರಿನಲ್ಲಿ ಹುಡುಕುವುದಾದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ. ಹೊಸ ಅಂಗಡಿಯ ಹುಡುಗ ‘ಆ ಕಾರಿಗೆಲ್ಲ ಏನೂ ಬರಲ್ಲ ಸರ್’ ಎನ್ನುತ್ತಾನೆ. ಒಳಗೆ ಕೂತ ಅವನ ಅಪ್ಪನನ್ನು ಕೇಳಬೇಕು. ಬಿಚ್ಚಿದ ಹಳೆ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ, ಹೆಸರು ಹೇಳಿ ಕೊಂಡದ್ದು ಎಷ್ಟೋ ಸಲ ಮನೆಗೆ ಬಂದು ಹೊಂದುವುದಿಲ್ಲ.

ಕ್ರೋಮಿಯಂ ಪಟ್ಟಿ, ಲಾಂಛನ, ಡ್ಯಾಶ್‌ಬೋರ್ಡಿನ ಗುಬುಟುಗಳು ಮಾತ್ರ ಕಷ್ಟ. ಅವನ್ನು ಹಳೆಯದಾದರೂ ಸರಿ, ಎಸೆಯದೆ ಇಟ್ಟುಕೊಳ್ಳಿ. ಅಲಾಯ್ ಚಕ್ರ, ಎಲ್‌ಇಡಿ ದೀಪ, ಬಕೆಟ್ ಸೀಟು ಹಾಕಿಸಿದ ಪದ್ಮಿನಿ ನನಗೆ ಹಿಡಿಸುವುದಿಲ್ಲ. ಮುಂದೆ ಮೂವರು ಅಂಟಿಕೊಂಡು ಕೂರುವ ಉದ್ದ ಸೀಟೇ ಆ ಕಾರಿನ ಸುಖ.

ಪೆಟ್ರೋಲು

ಹಳೆ ಕಾರಿಗೆ ನೀರು ಸೇರುವ ಹೊಸ ದಾರಿ ಈಗ ಪೆಟ್ರೋಲ್ ಬಂಕು. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲು 2023ರಿಂದ ಹಂತಹಂತವಾಗಿ ಬಂದು ದೇಶವೆಲ್ಲ ಹರಡಿದೆ. ಎಥನಾಲ್ ತೇವ ಹೀರುತ್ತದೆ; ಮಿತಿ ಮೀರಿದಾಗ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಆ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮು ಎಥನಾಲಿಗೆ ಉಬ್ಬಿ, ಮೆತ್ತಗಾಗಿ, ಬಿರಿಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸೋರಿದರೆ ಮುಂದಿನದನ್ನು ಹೇಳಬೇಕಿಲ್ಲ. ಎಥನಾಲ್ ತಾಳುವ ಫ್ಲೋರೊ ರಬ್ಬರಿನ ಪೈಪು, ಹೊಸ ಡಯಾಫ್ರಾಮು ಹಾಕಿಸುವುದು ಬಣ್ಣಕ್ಕಿಂತ ಮೊದಲು ಆಗಬೇಕಾದ ಖರ್ಚು. ಎಥನಾಲ್ ಮಿಶ್ರಣದಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಕಾರ್ಬೊರೇಟರಿನ ಜೆಟ್ಟನ್ನು ತುಸು ದೊಡ್ಡದಕ್ಕೆ ಬದಲಾಯಿಸಬೇಕಾಗಬಹುದು. ಪ್ಲಗ್ಗಿನ ಮೂತಿ ತೀರಾ ಬಿಳಿಯಾಗಿದ್ದರೆ ಅದು ಸೂಚನೆ.

ಸೋರುವ ಟ್ಯಾಂಕಿಗೆ ವೆಲ್ಡಿಂಗ್ ಮನೆಯಲ್ಲಿ ಖಂಡಿತ ಬೇಡ. ಖಾಲಿ ಟ್ಯಾಂಕಿನೊಳಗಿನ ಆವಿ, ಪೆಟ್ರೋಲು ತುಂಬಿದ ಟ್ಯಾಂಕಿಗಿಂತ ಅಪಾಯ.

ಆರ್‌ಟಿಒ

15 ವರ್ಷ ದಾಟಿದ ಖಾಸಗಿ ಕಾರಿಗೆ ಎಫ್‌ಸಿ ಮಾಡಿಸಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ದೆಹಲಿಯಂತೆ ವಯಸ್ಸಾದ ಪೆಟ್ರೋಲ್ ಕಾರು ಓಡಿಸಲೇಬಾರದೆಂಬ ನಿರ್ಬಂಧ ಕರ್ನಾಟಕದಲ್ಲಿಲ್ಲ. ಎಮಿಷನ್ ಸರ್ಟಿಫಿಕೇಟು, ಇನ್ಶೂರೆನ್ಸು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಬೇಕು. ಕಾರಿನ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ, ಬೇರೆ ಬಣ್ಣ ಹೊಡೆಯುವುದಾದರೆ ಅಲ್ಲಿಯೂ ತಿದ್ದಿಸಬೇಕು. ಮೂಲ ಬಣ್ಣಕ್ಕೇ ಹಿಂದಿರುಗುವ ಆಸೆಗೆ ಇದೂ ಒಂದು ಸಮರ್ಥನೆ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಸ್ವಂತ ಬಳಕೆಯ ವಾಹನಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ‘ಎಂವೈ’, ‘ಸಿಎ’ ಎಂದು ಶುರುವಾಗುವ ಕೆಎ ಪೂರ್ವದ ನಂಬರಿನ ಮೇಲೆ ಪ್ರಾಣ ಇಟ್ಟುಕೊಂಡವರಿಗೆ ಇದು ದೊಡ್ಡ ಸಮಾಧಾನ. ಆದರೆ ವಿಂಟೇಜ್ ಆದ ಕಾರನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿಯಂಥ ಕೆಲಸಕ್ಕೆ ಬಿಟ್ಟು ದಿನನಿತ್ಯ ರಸ್ತೆಗೆ ಇಳಿಸುವ ಹಾಗಿಲ್ಲ. ಭಾನುವಾರ ಸೊಪ್ಪು ತರಲು ಫಿಯಟ್ ತೆಗೆಯುವವರು ಸಾಮಾನ್ಯ ನೋಂದಣಿಯಲ್ಲೇ ಇರುವುದು ವಾಸಿ.

ಮಳೆಗೆ ಮುಂಚೆ

ಮೇ ತಿಂಗಳು ಮುಗಿಯುವಷ್ಟರಲ್ಲಿ ಇಷ್ಟು ಆಗಿರಲಿ. ಬಾಗಿಲುಗಳ ತಳದಲ್ಲಿರುವ ನೀರು ಬಸಿಯುವ ತೂತುಗಳಿಗೆ ಕಡ್ಡಿ ಆಡಿಸಿ ತೆರೆಯಬೇಕು. ಬಣ್ಣ ಹೊಡೆಯುವಾಗ ಅವು ಮುಚ್ಚಿಹೋಗಿರುತ್ತವೆ. ಟೊಳ್ಳು ಭಾಗಗಳೊಳಗೆ ಮೇಣದ ಆಂಟಿರಸ್ಟ್ ಸಿಂಪಡಿಸಬೇಕು. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ತೆಗೆದು ಬಟ್ಟೆಯದನ್ನು ಹೊದಿಸಬೇಕು. ಮಳೆಗಾಲ ಶುರುವಾದ ಮೇಲೆ ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟ ದಿನ, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ ತರಬೇಕು. ನಿಂತಲ್ಲೇ ಐದು ನಿಮಿಷ ಗುರ್ ಅನ್ನಿಸಿ ನಿಲ್ಲಿಸಿದರೆ ಸೈಲೆನ್ಸರಿನೊಳಗೆ ನೀರು ಸೇರಿಸಿದ್ದಷ್ಟೇ ಲಾಭ.